ಗಾಡಿ ಬಂದ್ ಬಿದ್ದಾಗ

ಈ ಸಂಚಿಕೆಯ ಯುವಜನರ ಪುಟಗಳಿಗೆ ಏನು ಬರೆಯುತ್ತೀರಿ ಎಂದು ಸಂಪಾದಕರು ಕೇಳಿದರು. ಸ್ಕೂಟರ್ ನಡುದಾರಿಯಲ್ಲಿ ನಿಂತು, ಎಷ್ಟು ಕಿಕ್ ಹೊಡೆದರೂ ಮತ್ತೆ ಚಾಲೂ ಆಗದಿದ್ದರೆ ಏನು ಮಾಡಬೇಕು ಎಂಬುದರ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಅದನ್ನು ಯಾರಾದರೂ ಮೆಕ್ಯಾನಿಕ್ ಬರೆದರೆ ಚೆನ್ನಲ್ಲವೇ?" ಎಂದರು. ಪಾಪ, ಅವರು ನನ್ನಿಂದ ಹಬ್ಬದ ಅಡಿಗೆಯ ಬಗ್ಗೆಯೋ ತವರಿನ ನೆನಪಿನ ಬಗ್ಗೆಯೋ ಒಂದು ಲೇಖನ ನಿರೀಕ್ಷಿಸಿದ್ದಿರಬೇಕು. ಇದೂ ತವರಿನ ನೆನಪೇ ಎಂದು ಹೇಳಿ ಒಪ್ಪಿಸಿದೆ.

ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಬಹಳ ಜನರ ಬಳಿ ಇಂದು ಗಾಡಿ ಇದೆ. ನಿಗಡಿ, ಆಕುರ್ಡಿ, ರಾವೇತ್, ಹಿಂಜವಡಿ ಎಂದು ದಿನವೂ ಓಡಾಡುತ್ತೀರಿ. ಗಾಡಿ ನಿಂತ ಕೂಡಲೇ ನೀವು ಮಾಡುವ ಮೊದಲ ಕೆಲಸ ಜೇಬಿನಿಂದ ಫೋನ್ ತೆಗೆಯುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಫೋನಿಗೂ ಮೊದಲು ಗಾಡಿಯನ್ನೇ ಕೇಳಬಹುದಾದ ಮೂರು ಪ್ರಶ್ನೆಗಳಿವೆ. ಅವನ್ನು ನಾನು ಕಲಿತದ್ದು ನಮ್ಮ ಅಪ್ಪನಿಂದ, ಕನ್ನಡದಲ್ಲಿ, ದೇಹೂ ರೋಡಿನಲ್ಲಿ.

ದೇಹೂ ರೋಡ್ ಎಂದರೆ ನಿಮ್ಮಲ್ಲಿ ಅನೇಕರಿಗೆ ಎಕ್ಸ್‌ಪ್ರೆಸ್‌ವೇ ಮುಗಿಯುವ ಜಾಗ, ಅಥವಾ ಲೋಕಲ್ ಗಾಡಿಯಲ್ಲಿ ಆಕುರ್ಡಿಯಾದ ಮೇಲೆ ಬರುವ ಸ್ಟೇಷನ್. ಹೆಸರಿನಲ್ಲಿರುವ 'ರೋಡ್' ರೈಲ್ವೆಯವರ ಪದ್ಧತಿ. ಊರು ಒಂದು ಕಡೆ, ಸ್ಟೇಷನ್ ದೂರದಲ್ಲಿ ಇನ್ನೊಂದು ಕಡೆ ಇದ್ದರೆ ಹಾಗೆ ಕರೆಯುತ್ತಾರೆ. ನಮ್ಮವರಿಗೆ ಮಂತ್ರಾಲಯಂ ರೋಡ್, ಗೋಕರ್ಣ ರೋಡ್ ಗೊತ್ತಲ್ಲ, ಹಾಗೆಯೇ ಇದು. ತುಕಾರಾಮ ಮಹಾರಾಜರ ದೇಹೂ ಇಂದ್ರಾಯಣಿ ನದಿಯ ದಂಡೆಯಲ್ಲಿ, ಇಲ್ಲಿಂದ ಕೆಲವು ಕಿಲೋಮೀಟರ್ ಒಳಗಿದೆ. ಸ್ಟೇಷನ್ನಿನ ಸುತ್ತ ಬೆಳೆದದ್ದು ಸೇನೆಯ ಡಿಪೋಗಳು, ಕ್ಯಾಂಟೋನ್ಮೆಂಟ್, ಒಂದು ಬಜಾರು. ಡಾ. ಅಂಬೇಡ್ಕರ್ ಅವರು 1954ರ ಡಿಸೆಂಬರ್ 25ರಂದು ತಾವೇ ಬಂದು ಬುದ್ಧನ ಮೂರ್ತಿಯನ್ನು ಸ್ಥಾಪಿಸಿದ ವಿಹಾರವೂ ಇಲ್ಲೇ ಇದೆ. ಡಿಪೋ ಎಂದಮೇಲೆ ಎಲ್ಲ ರಾಜ್ಯದವರೂ ಇದ್ದರು. ನಮ್ಮ ಚಾಳಿನಲ್ಲಿ ಒಂದು ಗೋಡೆಯ ಆಚೆ ಮಲಯಾಳಿ, ಈಚೆ ಸೋಲಾಪುರದ ತೆಲುಗು ಮಂದಿ, ನಡುವೆ ನಾವು.

ಅಪ್ಪ ಗದಗ ಜಿಲ್ಲೆಯ ರೋಣದ ಕಡೆಯವರು. ಒಕ್ಕಲುತನದ ಮನೆ. ಐಟಿಐ ಮುಗಿಸಿ 1974ರಲ್ಲಿ ಡಿಪೋ ಸೇರಿದರು. ಮಾಮುರ್ಡಿಯಲ್ಲಿ ಬಾಡಿಗೆಗೆ ಎರಡು ಕೋಣೆ. ಹತ್ತು ವರ್ಷ ಸೈಕಲ್ ತುಳಿದ ಮೇಲೆ, ವರ್ಗವಾಗಿ ಹೊರಟಿದ್ದ ಒಬ್ಬ ಸುಬೇದಾರರಿಂದ ಹಳೆಯ ಸ್ಕೂಟರ್ ಕೊಂಡರು. ಹೊಸದು ಬೇಕೆಂದರೆ ಆ ಕಾಲದಲ್ಲಿ ದುಡ್ಡು ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಶಾಲೆಗೆ ಸೇರಿಸುವ ಹೊತ್ತಿಗೆ ಬಂದೀತು ಎಂದು ಜನ ನಗುತ್ತಿದ್ದರು. ವಿಚಿತ್ರವೆಂದರೆ ಆ ಸ್ಕೂಟರುಗಳು ತಯಾರಾಗುತ್ತಿದ್ದುದು ನಮ್ಮ ಪಕ್ಕದ ಸ್ಟೇಷನ್ನಾದ ಆಕುರ್ಡಿಯಲ್ಲೇ. ಬಜಾಜ್ ಆಟೋದವರು ಇಟಲಿಯ ಪಿಯಾಜಿಯೋ ಕಂಪನಿಯ ಲೈಸೆನ್ಸಿನ ಮೇಲೆ ವೆಸ್ಪಾ ಮಾಡುತ್ತಿದ್ದರು. 1971ರಲ್ಲಿ ಆ ಲೈಸೆನ್ಸ್ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ಬಂತು. ಮೂಲ ವೆಸ್ಪಾವನ್ನು 1946ರಲ್ಲಿ ರೂಪಿಸಿದ ಕೊರಾದೀನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್. ಅವನಿಗೆ ಮೋಟರ್ ಸೈಕಲ್ ಎಂದರೆ ಆಗುತ್ತಿರಲಿಲ್ಲವಂತೆ. ಬಟ್ಟೆಗೆ ಎಣ್ಣೆ ತಾಗಬಾರದೆಂದು ಎಂಜಿನನ್ನು ತಗಡಿನೊಳಗೆ ಮುಚ್ಚಿದ, ಕಾಲೆತ್ತಿ ದಾಟದೆ ಕೂರುವಂತೆ ಮುಂದೆ ಜಾಗ ಬಿಟ್ಟ. ಇಟಲಿಯವನು ಯಾರನ್ನು ನೆನೆದು ಹಾಗೆ ಮಾಡಿದನೋ, ನಮ್ಮ ಅವ್ವನ ಇಳಕಲ್ ಸೀರೆಗೆ ಅದು ಸರಿಹೋಯಿತು.

ನಮ್ಮ ಸ್ಕೂಟರ್ ಯಾವ ಕಂಪನಿಯದೆಂದು ಇಲ್ಲಿ ಹೇಳುವುದಿಲ್ಲ. ಅದು ನಿಂತಾಗಲೆಲ್ಲ ಕಾರಣ ಮಳೆಯೋ, ಎಣ್ಣೆಯೋ, ಅದರ ವಯಸ್ಸೋ ಆಗಿರುತ್ತಿತ್ತು. ಲೋಣಾವಳದ ಘಟ್ಟದಿಂದ ಇಳಿದುಬರುವ ಮಳೆ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೂ ಬಿಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಚಾಳಿನ ಮುಂದೆ ಅಪ್ಪ ಗೋಣಿತಟ್ಟು ಹಾಸಿ, ಬಲಗಡೆಯ ಡಬ್ಬಿ ಕಳಚಿ ಕೂರುತ್ತಿದ್ದರು. ಪಕ್ಕದಲ್ಲಿ ಪಾನಾ, ಪಕ್ಕಡ, ಚಿಂದಿ ಬಟ್ಟೆ ಹಿಡಿದು ನಾನು. ಊರಿನಿಂದ ಬಂದ ಸೋದರತ್ತೆ ಒಮ್ಮೆ, "ಹೆಣ್ ಕೂಸಿನ ಕೈಯಾಗ ಎಣ್ಣಿ ಮಸಿ ಯಾಕೋ, ನಾಳಿ ಯಾರ್ ಮಾಡ್ಕೋತಾರ?" ಎಂದಿದ್ದರು. ಅಪ್ಪ ತಲೆ ಎತ್ತದೆ, "ಗಾಡಿ ಇದ್ದಾಂವ ಮಾಡ್ಕೋತಾನ" ಎಂದರು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅಪ್ಪನಿಗೆ ಸಹಾಯಕ್ಕೆ ಬೇಕಿತ್ತು, ನಾನಿದ್ದೆ, ಅಷ್ಟೆ. ಅದರಲ್ಲಿ ಯಾವ ದೊಡ್ಡ ವಿಚಾರವೂ ಇದ್ದಿರಲಾರದು.

ಈಗ ಪ್ರಶ್ನೆಗಳಿಗೆ ಬರೋಣ. ಅಪ್ಪ ಹೇಳುತ್ತಿದ್ದುದು ಇಷ್ಟು: "ಯಾಕ ನಿಂತೈತಿ ಅಂತ ಕೇಳಬ್ಯಾಡ, ಏನ್ ಇಲ್ಲ ಅಂತ ಕೇಳು. ಎಣ್ಣಿ ಬರತೈತೇನು? ಕಿಡಿ ಹಾರತೈತೇನು? ಉಸಿರು ಐತೇನು?" ಎಣ್ಣೆ ಎಂದರೆ ಪೆಟ್ರೋಲ್. ಕಿಡಿ ಎಂದರೆ ಪ್ಲಗ್ಗಿನ ತುದಿಯಲ್ಲಿ ಹಾರುವ ಬೆಂಕಿ. ಉಸಿರು ಎಂದರೆ ಒಳಗೆ ಹೋಗುವ ಗಾಳಿ ಮತ್ತು ಅದನ್ನು ಒತ್ತಿ ಹಿಡಿಯುವ ಶಕ್ತಿ. ಪೆಟ್ರೋಲಿನಿಂದ ಓಡುವ ಯಾವ ಎಂಜಿನ್ ಆದರೂ ಈ ಮೂರರಲ್ಲಿ ಒಂದು ತಪ್ಪಿದಾಗಲೇ ನಿಲ್ಲುವುದು.

ಕೇಳುವುದಕ್ಕೂ ಮೊದಲು ಗಾಡಿ ಹೇಗೆ ನಿಂತಿತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಲೈಟಿನ ಗುಂಡಿ ಒತ್ತಿದಂತೆ ಒಮ್ಮೆಲೇ ಸತ್ತುಹೋದರೆ ಸಾಮಾನ್ಯವಾಗಿ ಕಿಡಿಯ ದೋಷ. ಮುಗ್ಗರಿಸಿ, ಎಳೆದು, ಮತ್ತೆ ಮುಗ್ಗರಿಸಿ ನಿಂತರೆ ಎಣ್ಣೆಯ ಕೊರತೆ. ದಿನದಿಂದ ದಿನಕ್ಕೆ ಏರು ಹತ್ತಲಾರದೆ ಸೋಲುತ್ತ ಬಂದು ನಿಂತರೆ ಉಸಿರಿನದು. ಈ ಒಂದು ಮಾತು ತಿಳಿದರೆ ಅರ್ಧ ಕೆಲಸ ಆದಂತೆ. ಆದರೆ ನಿಂತ ಗಾಬರಿಯಲ್ಲಿ ಜನ ಮೊದಲು ಮರೆಯುವುದು ಇದನ್ನೇ.

ಎಣ್ಣೆ ಟಾಕಿಯಲ್ಲಿ ಇದೆಯೇ ಎಂದು ನೋಡಿದರೆ ಸಾಲದು, ಎಂಜಿನಿನವರೆಗೆ ಬರುತ್ತಿದೆಯೇ ಎಂದು ನೋಡಬೇಕು. ಹಳೆಯ ಸ್ಕೂಟರುಗಳಲ್ಲಿ ಸೀಟಿನ ಕೆಳಗೆ ಒಂದು ನಲ್ಲಿ: ಬಂದ್, ಚಾಲೂ, ರಿಸರ್ವ್. ನಿಂತ ಗಾಡಿಗಳಲ್ಲಿ ಎಷ್ಟೋ ಈ ನಲ್ಲಿಯನ್ನು ರಿಸರ್ವಿಗೆ ತಿರುಗಿಸಿದ ಕೂಡಲೇ ಹೊರಡುತ್ತಿದ್ದವು. ಟಾಕಿಯ ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ಗಾಳಿಯ ತೂತು ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ತುಂಬದೆ, ಕೊನೆಗೆ ಪೆಟ್ರೋಲೇ ಇಳಿಯುವುದಿಲ್ಲ. ಅಂಥ ಗಾಡಿ ಎರಡು ಮೂರು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಚಾಲೂ ಆಗುತ್ತದೆ, ಮತ್ತೆ ನಿಲ್ಲುತ್ತದೆ. ದೆವ್ವ ಹೊಕ್ಕಿದೆ ಎನ್ನಬೇಕು, ಹಾಗೆ. ಮುಚ್ಚಳ ತೆಗೆದಾಗ ಉಸ್ ಎಂದು ಸದ್ದಾದರೆ ದೆವ್ವ ಸಿಕ್ಕಿತು. ಇದೆಲ್ಲ ಸರಿಯಿದ್ದರೆ ಕಾರ್ಬೊರೇಟರಿನ ಜೆಟ್. ಅದರ ತೂತು ಕೂದಲೆಳೆಯಷ್ಟು. ಕಳಚಿ ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡಬೇಕು. ತಂತಿ ಚುಚ್ಚಿದರೆ ತೂತು ಅಗಲವಾಗಿ ಆಮೇಲೆ ಗಾಡಿ ಪೆಟ್ರೋಲ್ ಕುಡಿಯತೊಡಗುತ್ತದೆ.

ಸ್ಕೂಟರನ್ನು ಒಂದು ಮಗ್ಗುಲಿಗೆ ಬಾಗಿಸಿ ಆಮೇಲೆ ಕಿಕ್ ಹೊಡೆಯುವ ದೃಶ್ಯವನ್ನು ನೀವು ಹಳೆಯ ಸಿನಿಮಾಗಳಲ್ಲಿ ನೋಡಿರಬಹುದು. ನಮ್ಮ ಚಾಳಿನಲ್ಲಿ ಪ್ರತಿ ಬೆಳಿಗ್ಗೆ ಅದೊಂದು ಪೂಜೆಯಂತೆ ನಡೆಯುತ್ತಿತ್ತು. ಅರ್ಧ ಶಾಸ್ತ್ರ, ಅರ್ಧ ನಂಬಿಕೆ. ಟಾಕಿಯ ತಳದಲ್ಲಿ ಉಳಿದ ಗುಟುಕು ಪೆಟ್ರೋಲ್ ನಲ್ಲಿಯ ಬಾಯಿಗೆ ಸರಿಯಲಿ ಎಂಬುದು ಶಾಸ್ತ್ರದ ಭಾಗ. ಟಾಕಿ ತುಂಬಿಸಿಕೊಂಡು ಬಂದವರೂ ಬಾಗಿಸುತ್ತಿದ್ದರಲ್ಲ, ಅದು ಇನ್ನರ್ಧ.

ಕಿಡಿಯನ್ನು ನೋಡುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಪ್ಲಗ್ ಕಳಚಿದ ಕೂಡಲೇ ಅದೇ ಅರ್ಧ ಕಥೆ ಹೇಳುತ್ತದೆ. ಹತ್ತಾರು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಪ್ಲಗ್ ಮುಳುಗಿದೆ. ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪು ಮಸಿ ಇದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ಚೋಕ್ ಎಳೆದೇ ಓಡಿಸಿದ್ದಾರೆ. ಆಗಿನವು ಟೂ ಸ್ಟ್ರೋಕ್ ಎಂಜಿನ್ನುಗಳು, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 20 ಮಿಲಿ. ಆ ಆಯಿಲ್ ಉರಿದು ಮಸಿಯಾಗಿ ಪ್ಲಗ್ಗಿಗೆ ಕೂರುತ್ತಿತ್ತು. ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಮತ್ತೆ ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನಿನ ಲೋಹಕ್ಕೆ ತಾಗಿಸಿ ಇಟ್ಟು ಕಿಕ್ ಹೊಡೆದರೆ ಚಟ್ ಎಂದು ಕಿಡಿ ಹಾರಬೇಕು. ನೀಲಿ ಕಿಡಿಯಾದರೆ ಒಳ್ಳೆಯದು. ಹಳದಿಯೋ ಕೆಂಪೋ ಆಗಿ ಸೊರಗಿದ್ದರೆ ಕಾಯಿಲ್, ಪಾಯಿಂಟ್ ಎಂದು ಮುಂದೆ ಹುಡುಕಬೇಕು. ಹೀಗೆ ನೋಡುವಾಗ ಪ್ಲಗ್ಗನ್ನು ಅದು ಕೂರುವ ತೂತಿನಿಂದ ದೂರ ಇಡಬೇಕು. ಆ ತೂತಿನಿಂದ ಪೆಟ್ರೋಲಿನ ಆವಿ ಹೊರಗೆ ಬರುತ್ತಿರುತ್ತದೆ, ಕಿಡಿ ತಾಗಿದರೆ ಭಗ್ ಎನ್ನುತ್ತದೆ. ಅಪ್ಪ ನನ್ನ ಜಡೆಯನ್ನು ಹಿಂದಕ್ಕೆ ಕಟ್ಟಿಸಿಯೇ ಹತ್ತಿರ ಬಿಡುತ್ತಿದ್ದರು.

ಪ್ಲಗ್ಗುಗಳು ಬರುತ್ತಿದ್ದುದು ಬೆಂಗಳೂರಿನಿಂದ. ಆಡುಗೋಡಿಯ ಮೈಕೋ, ಈಗ ಬಾಷ್ ಎಂಬ ಹೆಸರಿನ ಕಂಪನಿ. ಡಬ್ಬಿಯ ಮೇಲೆ ಬೆಂಗಳೂರೆಂದು ಬರೆದದ್ದನ್ನು ಅಪ್ಪ ಪ್ರತಿಸಲವೂ ನನಗೆ ತೋರಿಸುತ್ತಿದ್ದರು. ಅಪ್ಪ ಬೆಂಗಳೂರು ನೋಡಿದ್ದು ಜೀವನದಲ್ಲಿ ಎರಡೇ ಸಲ.

ಉಸಿರಿನ ಮಾತು ಇಲ್ಲಿ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಕೆಟ್ಟರೆ ರಸ್ತೆಯಲ್ಲಿ ಮಾಡುವಂಥದ್ದು ಕಡಿಮೆ. ಕಿಕ್ ಕಾಲಿಗೆ ಹಗುರಾಗಿ, ತಡೆಯೇ ಇಲ್ಲದಂತೆ ಇಳಿದರೆ ಪಿಸ್ಟನ್ನಿನ ರಿಂಗ್ ಸವೆದಿದೆ ಎಂದರ್ಥ. ಏರ್ ಫಿಲ್ಟರ್ ಮಳೆಯಲ್ಲಿ ನೆನೆದಿದ್ದರೂ, ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೂ ಗಾಡಿಗೆ ಉಸಿರು ಕಟ್ಟುತ್ತದೆ. ಅದು ಗ್ಯಾರೇಜಿನ ಕೆಲಸ.

1991ರ ಜುಲೈ ತಿಂಗಳ ಒಂದು ರಾತ್ರಿ. ನನಗೆ ಹನ್ನೆರಡು ವರ್ಷ. ಅಜ್ಜಿ ಊರಿನಿಂದ ಬಂದು ಹದಿನೈದು ದಿನವಾಗಿತ್ತು. ರೋಣದ ಒಣ ಹವೆಯಲ್ಲಿ ಬೆಳೆದ ಜೀವಕ್ಕೆ ಇಲ್ಲಿನ ಥಂಡಿ ಆಗಿಬರಲಿಲ್ಲ, ಹಳೆಯ ದಮ್ಮು ಎದ್ದಿತ್ತು. ಅಂದು ಹತ್ತೂವರೆಯ ಹೊತ್ತಿಗೆ ಅಜ್ಜಿಗೆ ಮಲಗಲಾಗುತ್ತಿಲ್ಲ, ಕೂರಲಾಗುತ್ತಿಲ್ಲ. ಗೋಡೆಗೆ ಕೈ ಊರಿ ಬಾಗಿ ನಿಂತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಸೇದುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಆಗ 108 ಇರಲಿಲ್ಲ, ಚಾಳಿನಲ್ಲಿ ಯಾರ ಮನೆಯಲ್ಲೂ ಫೋನ್ ಇರಲಿಲ್ಲ, ಆ ಮಳೆಯಲ್ಲಿ ಆಟೋ ಸಿಗುವ ಮಾತೇ ಇರಲಿಲ್ಲ. ರಾತ್ರಿ ಡಾಕ್ಟರ್ ಇರುವ ಆಸ್ಪತ್ರೆ ಎಂದರೆ ನಿಗಡಿಯ ಆಚೆ. ಅಪ್ಪ ಸ್ಕೂಟರ್ ತೆಗೆದರು. ಅವ್ವ ತಮ್ಮನನ್ನು ಬಿಟ್ಟು ಬರುವಂತಿರಲಿಲ್ಲ. ಅಜ್ಜಿಯನ್ನು ಹಿಂದೆ ಕೂರಿಸಿ, ಅವಳ ಸೊಂಟಕ್ಕೂ ಅಪ್ಪನ ಸೊಂಟಕ್ಕೂ ಸೇರಿಸಿ ಒಂದು ಧೋತರ ಕಟ್ಟಿದರು. ಬ್ಯಾಟ್ರಿ ಹಿಡಿದು ನಾನು ಮುಂದೆ ನಿಂತೆ.

ದೇಹೂ ರೋಡಿಗೂ ನಿಗಡಿಗೂ ನಡುವೆ ಹಳೆಯ ಮುಂಬಯಿ-ಪುಣೆ ರಸ್ತೆಯ ಎರಡೂ ಬದಿ ಮಿಲಿಟರಿಯವರ ಜಮೀನು. ಮನೆಯಿಲ್ಲ, ಅಂಗಡಿಯಿಲ್ಲ. ಈಗ ಭಕ್ತಿ-ಶಕ್ತಿ ಚೌಕ ಇರುವ ಜಾಗ ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗ ಗಾಡಿ ನಿಂತಿತು. ಮುಗ್ಗರಿಸಲಿಲ್ಲ, ಎಳೆಯಲಿಲ್ಲ. ಹಚ್ಚಿದ ದೀಪ ಊದಿದಂತೆ ನಿಂತಿತು. ಮಳೆಯ ಸದ್ದು ಒಮ್ಮೆಲೇ ಜೋರಾಗಿ ಕೇಳಿತು, ಅದರ ನಡುವೆ ಅಜ್ಜಿಯ ಎದೆಯ ಸಿಳ್ಳು.

ಅಪ್ಪ ಮೂರು ಕಿಕ್ ಹೊಡೆದರು. ನಾಲ್ಕನೆಯದು ಹೊಡೆಯಲಿಲ್ಲ. ಇದನ್ನು ನಾನು ನೂರು ಸಲ ನೆನೆದಿದ್ದೇನೆ. ಅವರ ಜಾಗದಲ್ಲಿ ಇನ್ನೊಬ್ಬರಿದ್ದರೆ, ಹೆತ್ತ ತಾಯಿ ಹಿಂದೆ ಉಸಿರಿಗೆ ಒದ್ದಾಡುತ್ತಿರುವಾಗ, ಕಾಲು ಸೋಲುವವರೆಗೂ ಕಿಕ್ ಹೊಡೆಯುತ್ತಲೇ ಇರುತ್ತಿದ್ದರು. ಅಪ್ಪ ಧೋತರ ಬಿಚ್ಚಿ, ಅಜ್ಜಿಯನ್ನು ಎತ್ತಿ ಮೋರಿಯ ಕಟ್ಟೆಯ ಮೇಲೆ ಕೂರಿಸಿ, ಕೊಡೆಯನ್ನು ಅವಳ ಕೈಗೆ ಕೊಟ್ಟು, "ಯವ್ವಾ, ಹತ್ತು ನಿಮಿಷ ತಡಿ" ಎಂದರು. ಆಮೇಲೆ ನನಗೆ, ದಿನದ ದನಿಯಲ್ಲೇ, "ತಂಗೀ, ಬ್ಯಾಟ್ರಿ ಸೀದಾ ಹಿಡಿ" ಎಂದರು.

ಟಾಕಿಯ ಮುಚ್ಚಳ ತೆಗೆದು ಗಾಡಿ ಅಲುಗಿಸಿದರು, ಪೆಟ್ರೋಲ್ ಗಲಗಲ ಎಂದಿತು. ಒಮ್ಮೆಲೇ ನಿಂತದ್ದರಿಂದ ಕಿಡಿಯೇ ಇರಬೇಕೆಂದು ಡಬ್ಬಿ ಕಳಚಿದರು. ಅಷ್ಟರಲ್ಲಿ ಡಿಪೋದ ಗೇಟಿನ ಕಡೆಯಿಂದ ಒಬ್ಬ ಕಾವಲಿನ ಜವಾನ ಹಿಂದಿಯಲ್ಲಿ ಯಾರು ಎಂದು ಕೂಗುತ್ತ ಬಂದ. ಅಪ್ಪ ಪಾಸ್ ತೋರಿಸುವ ಮೊದಲೇ ಅವನು ಅಜ್ಜಿಯನ್ನು ನೋಡಿದ. ಮತ್ತೇನೂ ಕೇಳದೆ ತನ್ನ ಮಳೆಕೋಟಿನ ಅಂಚನ್ನು ಎಂಜಿನಿನ ಮೇಲೆ ಚಪ್ಪರದಂತೆ ಹಿಡಿದು ನಿಂತ. ಅವನ ಊರು ಯಾವುದೆಂದು ಇಂದಿಗೂ ಗೊತ್ತಿಲ್ಲ.

ಪ್ಲಗ್ ಬಿಸಿಯಿತ್ತು, ಬಟ್ಟೆ ಸುತ್ತಿ ತಿರುಗಿಸಿದರು. ಬೆಳಕಿನಲ್ಲಿ ಹಿಡಿದಾಗ ನನಗೂ ಕಂಡಿತು: ಎರಡು ತುದಿಗಳ ನಡುವೆ ಕೂದಲಿನಂಥ ಕಪ್ಪು ಎಳೆ. ಮಸಿಯ ಎಳೆ ಹೀಗೆ ಸೇತುವೆ ಕಟ್ಟಿದರೆ ಕರೆಂಟು ಹಾರದೆ ಅದರ ಮೇಲೆಯೇ ನಡೆದುಹೋಗುತ್ತದೆ, ಕಿಡಿ ಹುಟ್ಟುವುದಿಲ್ಲ. ಚಾಕುವಿನ ಮೊನೆಯಿಂದ ಕೆರೆದು ಒರೆಸಿ ನೋಡಿದರು. ಕಿಡಿ ಬಂತು, ಆದರೆ ಸೊರಗಿದ ಹಳದಿ. ಪ್ಲಗ್ಗಿನ ಬಿಳಿಯ ಪಿಂಗಾಣಿಗೆಲ್ಲ ಎಣ್ಣೆ ಹಿಡಿದಿತ್ತು. ಡಿಕ್ಕಿಯಲ್ಲಿ ಹಳೆಯ ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಹೊಸ ಪ್ಲಗ್ ತೆಗೆದರು. ಬೆಂಗಳೂರಿನದು. ಅದನ್ನು ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿ ಚಟ್ ಎಂದಿತು.

ಆದರೂ ಕೂಡಲೇ ಬಿಗಿಯಲಿಲ್ಲ. ಹೊಡೆದ ಕಿಕ್ಕುಗಳಿಗೆಲ್ಲ ಒಳಗೆ ಪೆಟ್ರೋಲ್ ತುಂಬಿರುತ್ತದೆ, ಹೊಸ ಪ್ಲಗ್ಗೂ ಮುಳುಗುತ್ತದೆ. ನಲ್ಲಿ ಬಂದ್ ಮಾಡಿ, ಕ್ಯಾಪನ್ನು ದೂರ ಸರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿಯಲು ನನಗೆ ಹೇಳಿ, ಪ್ಲಗ್ ಇಲ್ಲದೆಯೇ ಎಂಟು ಹತ್ತು ಸಲ ಕಿಕ್ ಹೊಡೆದರು. ತೂತಿನಿಂದ ಪೆಟ್ರೋಲಿನ ತುಂತುರು ಹಾರಿತು. ಆಮೇಲೆ ಪ್ಲಗ್ ಬಿಗಿದು, ನಲ್ಲಿ ಬಿಟ್ಟು, ಹೊಡೆದ ಎರಡನೆಯ ಕಿಕ್ಕಿಗೆ ಗಾಡಿ ಬಿಳಿ ಹೊಗೆ ಉಗುಳಿ ಎದ್ದಿತು. ಜವಾನನೇ ಅಜ್ಜಿಯನ್ನು ಎತ್ತಿ ತಂದು ಕೂರಿಸಿದ. ಅಪ್ಪ ತಮ್ಮ ಎಚ್‌ಎಂಟಿ ಗಡಿಯಾರ ನೋಡಿಕೊಂಡರು. ಹದಿಮೂರು ನಿಮಿಷ ಆಗಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಅಪ್ಪನಿಗೆ ಮರಾಠಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು, ಅಜ್ಜಿಗೆ ಆಗಲಿಲ್ಲ. ಬೆಳಗಿನ ಜಾವ ಉಸಿರು ಹಿಡಿತಕ್ಕೆ ಬಂದ ಮೇಲೆ ಅಜ್ಜಿ ಆಡಿದ ಮೊದಲ ಮಾತು, "ಎತ್ತ ಆಗಿದ್ರ ಬಾರಕೋಲ್ಲೇ ನಾಕ್ ಹೊಡದ ಎಬ್ಬಸಬಹುದಿತ್ತು." ಅಪ್ಪ, "ಎತ್ತಿಗೂ ಮೊದ್ಲ ಬಾಯಿ ತಗದ ನೋಡತಾರವ್ವ" ಎಂದರು. ಅಜ್ಜಿ ಅದನ್ನು ಒಪ್ಪಿದಳು. ಆಮೇಲೆ ಒಂಬತ್ತು ವರ್ಷ ಬದುಕಿದಳು, ಆದರೆ ಮಳೆಗಾಲದಲ್ಲಿ ಮಾತ್ರ ಪುಣೆಯ ಕಡೆ ತಲೆ ಹಾಕಲಿಲ್ಲ.

ಈಗ ಭಾಷೆಯ ಬಗ್ಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ನನ್ನ ಬಳಿ, ನಮ್ಮ ಕನ್ನಡ ಊಟ, ನಿದ್ದೆ, ಹಬ್ಬದ ಮಾತಿಗೆ ಮಾತ್ರ ಸಾಲುತ್ತದೆ, ಕೆಲಸದ ಮಾತು ಬಂದಾಗ ಮರಾಠಿಗೋ ಇಂಗ್ಲಿಷಿಗೋ ಹೋಗಬೇಕಾಗುತ್ತದೆ ಎಂದು ಹೇಳಿದ್ದೀರಿ. ಮೇಲೆ ಬರೆದದ್ದನ್ನು ಮತ್ತೊಮ್ಮೆ ನೋಡಿ. ಪ್ಲಗ್, ಜೆಟ್, ಕಾಯಿಲ್, ಚೋಕ್ ಇಂಗ್ಲಿಷಿನವು. ಪಾನಾ, ಪಕ್ಕಡ ಮರಾಠಿಯವರೂ ನಮ್ಮ ಹುಬ್ಬಳ್ಳಿಯವರೂ ಹಂಚಿಕೊಂಡವು. 'ಗಾಡಿ ಬಂದ್ ಬಿತ್ತು' ಎಂಬುದೇ ಮರಾಠಿಯ ನೆರಳು. ಮೈಸೂರಿನವರಾದರೆ 'ಗಾಡಿ ಕೆಟ್ಟು ನಿಂತಿತು' ಎಂದಾರು. ಆದರೆ ಕಳಚು, ತಿಕ್ಕು, ಒರೆಸು, ಊದು, ಬಾಗಿಸು, ತಾಗಿಸು, ಬಿಗಿ, ತುಳಿ, ಇವೆಲ್ಲ ನಮ್ಮವೇ. ಹೆಸರುಗಳು ಎಲ್ಲಿಂದಲೋ ಬಂದವು, ಕೆಲಸಗಳೆಲ್ಲ ಕನ್ನಡದಲ್ಲಿ ನಡೆದವು. ಜೆಟ್ಟಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಅಪ್ಪ ಒಂದು ದಿನವೂ ತಲೆ ಕೆಡಿಸಿಕೊಂಡವರಲ್ಲ. ಶುದ್ಧ ಕನ್ನಡ ಬರುವುದಿಲ್ಲವೆಂದು ಸಂಘದ ಸಭೆಯಲ್ಲಿ ಬಾಯಿ ಮುಚ್ಚಿ ಕೂರುವ ನೀವು ಅಪ್ಪನ ಕನ್ನಡ ಕೇಳಬೇಕಿತ್ತು. ನಾನು ಡಿಪ್ಲೊಮಾ ಮುಗಿಸಿ ಭೋಸರಿಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಷ್ಟು ವರ್ಷ ದುಡಿದರೂ, ಯಂತ್ರ ನಿಂತಾಗ ಮನಸ್ಸಿನಲ್ಲಿ ಮೊದಲು ಏಳುವುದು 'ಏನ್ ಇಲ್ಲ' ಎಂಬ ಪ್ರಶ್ನೆಯೇ.

ನಿಮ್ಮ ಗಾಡಿಗಳು ಬೇರೆ ಎಂದು ನೀವು ಹೇಳಬಹುದು. ನಿಜ. ನಲ್ಲಿ ಹೋಯಿತು, ಕಾರ್ಬೊರೇಟರ್ ಹೋಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುತ್ತದೆ. ಪ್ರಶ್ನೆಗಳು ಮಾತ್ರ ಅವೇ ಮೂರು, ಅವುಗಳ ಮುಂದೆ ಇನ್ನೊಂದು ಸೇರಿದೆ: ಗಾಡಿಗೆ ಚಾಲೂ ಆಗಲು ಅಪ್ಪಣೆ ಇದೆಯೇ? ಸೈಡ್ ಸ್ಟ್ಯಾಂಡ್ ಇಳಿದಿದ್ದರೆ, ಕಿಲ್ ಸ್ವಿಚ್ ಒತ್ತಿದ್ದರೆ, ಬ್ರೇಕ್ ಹಿಡಿಯದೆ ಗುಂಡಿ ಒತ್ತಿದರೆ ಅನೇಕ ಗಾಡಿಗಳು ಏಳುವುದೇ ಇಲ್ಲ. ಇವನ್ನು ನೋಡಿ ಆಮೇಲೆ ಕೀಲಿ ತಿರುಗಿಸಿ ಕಿವಿಗೊಡಿ. ಪೆಟ್ರೋಲ್ ಪಂಪು ಎರಡು ಕ್ಷಣ ಗುಂಯ್ ಎನ್ನಬೇಕು. ಆ ಸದ್ದು ಇಲ್ಲದಿದ್ದರೆ ಫ್ಯೂಸ್ ಅಥವಾ ಬ್ಯಾಟರಿಯನ್ನು ಮೊದಲು ನೋಡಿ. ಸೆಲ್ಫ್ ಗುಂಡಿಯನ್ನು ಒಂದೇ ಸಮನೆ ಒತ್ತಿ ಹಿಡಿದರೆ ಇದ್ದ ಬ್ಯಾಟರಿಯೂ ಹೋಗುತ್ತದೆ. ನಾಲ್ಕೈದು ಸೆಕೆಂಡ್ ಒತ್ತಿ, ಸ್ವಲ್ಪ ಬಿಟ್ಟು, ಮತ್ತೆ ಒತ್ತಿ. ಕಿಕ್ ಇರುವ ಗಾಡಿಯಾದರೆ ಕಿಕ್ಕನ್ನು ನಂಬಿ.

ಮಳೆಗಾಲದ ಎರಡು ಮಾತು. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಟಾಕಿಯ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದೂ ತಳದಿಂದಲೇ. ಆದ್ದರಿಂದ ಮಳೆಯಲ್ಲಿ ಟಾಕಿಯ ಮುಚ್ಚಳ ತೆರೆಯುವಾಗ ಜೋಪಾನ. ಎರಡನೆಯದು, ರಸ್ತೆಯಲ್ಲಿ ನಿಂತ ನೀರಿಗೆ ಇಳಿದು, ಸೈಲೆನ್ಸರ್ ಮತ್ತು ಫಿಲ್ಟರ್ ಮುಳುಗಿ ಗಾಡಿ ನಿಂತರೆ, ಅಲ್ಲಿಯೇ ಚಾಲೂ ಮಾಡಲು ಹೋಗಲೇಬೇಡಿ. ಒಳಗೆ ಹೋದ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಅಗ್ಗ.

ಆಕುರ್ಡಿಯ ಹಳೆಯ ಸ್ಕೂಟರುಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಚೇತಕ್ ಎಂಬ ಹೆಸರು ಮಾತ್ರ 2020ರ ಜನವರಿಯಲ್ಲಿ ಬ್ಯಾಟರಿಯ ಗಾಡಿಯಾಗಿ ಮರಳಿ ಬಂತು, ಅದೂ ಮೊದಲು ಪುಣೆ ಮತ್ತು ಬೆಂಗಳೂರು ಎರಡೇ ಊರುಗಳಲ್ಲಿ. ಅದಕ್ಕೆ ಎಣ್ಣೆಯೂ ಬೇಡ, ಕಿಡಿಯೂ ಬೇಡ, ಉಸಿರೂ ಬೇಡ. ಅಪ್ಪ ಇದ್ದಿದ್ದರೆ ಅದರ ಪಕ್ಕ ಗೋಣಿತಟ್ಟು ಹಾಸಿ ಕೂತು ಏನನ್ನು ಕಳಚುತ್ತಿದ್ದರೋ ತಿಳಿಯದು. ಅವರು ತೀರಿಕೊಂಡು ಹನ್ನೆರಡು ವರ್ಷ ದಾಟಿತು. ಅವರ ಸ್ಕೂಟರನ್ನು ದೇಹೂ ರೋಡ್ ಬಜಾರಿನ ಒಬ್ಬ ಮಿಸ್ತ್ರಿ ಒಯ್ದ. ಬಿಡಿಭಾಗಗಳಿಗಾಗಿ ಒಯ್ದದ್ದು, ಈಗಲೂ ಅದನ್ನೇ ಓಡಿಸುತ್ತಿದ್ದಾನೆ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಅಂಗಳದಲ್ಲಿ ನಾನು ಇರುತ್ತೇನೆ. ಗಾಡಿ ಇರುವವರು ಗಾಡಿ ತನ್ನಿ, ಇಲ್ಲದವರು ಹಾಗೇ ಬನ್ನಿ. ಪ್ಲಗ್ ಕಳಚುವುದು, ನೋಡುವುದು, ಒರೆಸಿ ಮತ್ತೆ ಬಿಗಿಯುವುದು, ಫ್ಯೂಸ್ ಎಲ್ಲಿದೆ ಎಂದು ಹುಡುಕುವುದು, ಇಷ್ಟು ಮಾಡೋಣ. ಅಡಿಗೆ ಮನೆಯವರು ಉಪ್ಪಿಟ್ಟು, ಚಹಾ ಒಪ್ಪಿಕೊಂಡಿದ್ದಾರೆ. ಹುಡುಗಿಯರು ಜಡೆ ಕಟ್ಟಿಕೊಂಡು ಬನ್ನಿ. ಈಗ ಜಡೆ ಬಿಟ್ಟ ಹುಡುಗರೂ ಇದ್ದಾರೆ, ಅವರೂ. ಪಾನಾ ನಾನು ತರುತ್ತೇನೆ. ಒರೆಸುವ ಹಳೆಯ ಬಟ್ಟೆ ಮಾತ್ರ ನೀವೇ ತನ್ನಿ.